ಗಂಜಿ ಬೇಯುವ ಮೊದಲೇ ಮನೆಗೆ ಬಂದಿದ್ದ ರೋಗ

ಆಹಾರ ದೋಷ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ರಾಚವ್ವ ಎಂಬ ಹೆಂಗಸಿನ ಕೈಯಿಂದ ನಮ್ಮ ಕುಟುಂಬಕ್ಕೆ ರೋಗ ಬಂತು ಎಂದು ತಾವು ವರದಿ ಬರೆದಿರಿ. ಬಂದದ್ದು ಅವಳ ಕೈಯಿಂದ ಅಲ್ಲ. ಇದು ತಮಗೆ ಗೊತ್ತಾಗಿ ತಿಂಗಳುಗಳೇ ಕಳೆದಿವೆ. ಆದರೂ ಬರೆದದ್ದನ್ನು ತಾವು ತಿದ್ದಿಲ್ಲ. ತಮ್ಮ ಕಚೇರಿಗೆ ಬಂದು ಮುಖತಃ ಹೇಳಿದೆ. "ಅಮ್ಮಾ, ಆ ಫೈಲ್ ಕ್ಲೋಸ್ ಆಗಿದೆ" ಎಂದಿರಿ. ಆ ಫೈಲಿನೊಳಗೆ ಜೀವ ಇರುವ ಮನುಷ್ಯರು ಸಿಕ್ಕಿಹಾಕಿಕೊಂಡಿದ್ದಾರೆ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ತಮಗೊಂದು ಫೋನು ಬಂತು, ನನಗೆ ಬಾಗಿಲು ತೋರಿಸಿದಿರಿ. ಹಾಗಾಗಿ ಅಲ್ಲಿ ಉಳಿದುಹೋದ ಮಾತನ್ನು ಊರಿನವರೆಲ್ಲ ಓದುವ ಹಾಗೆ ಇಲ್ಲಿ ಮುಂದುವರಿಸುತ್ತೇನೆ.

ಮೊದಲು ತಮ್ಮ ಸಮಿತಿಯ ಹೆಸರಿನ ವಿಚಾರ. 'ಆಹಾರ ದೋಷ' ಪರಿಶೀಲನಾ ಸಮಿತಿ. ಪರಿಶೀಲನೆಗೆ ಹೊರಡುವ ಮೊದಲೇ ದೋಷ ಆಹಾರದಲ್ಲಿದೆ ಎಂದು ಬೋರ್ಡಿನಲ್ಲಿ ಬರೆಸಿಕೊಂಡ ಸಮಿತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಳ್ಳತನದ ದೂರು ಬಂದರೆ ಪೊಲೀಸರು ಬರುತ್ತಾರೆ. 'ಮನೆಕೆಲಸದವಳ ಕಳ್ಳತನ ಪತ್ತೆ ದಳ' ಎಂಬ ಹೆಸರಿನ ಜೀಪು ಬರುವುದಿಲ್ಲ. ಬಂದರೆ ಆ ಜೀಪಿನಲ್ಲಿ ಯಾರು ಕುಳಿತು ಹೋಗುತ್ತಾರೆ ಎಂದು ಊಹಿಸಲು ಬುದ್ಧಿ ಬೇಕಾಗಿಲ್ಲ. ಹೊಟ್ಟೆಯೊಳಗೆ ಹೋಗುವುದು ಅನ್ನವೊಂದೇ ಎಂದು ತಿಳಿದ ಸಮಿತಿಗೆ, ಹೊಟ್ಟೆ ಕೆಟ್ಟರೆ ಅನ್ನ ಬೇಯಿಸಿದವಳು ಸಿಗುವುದು ಸಹಜವೇ.

ನಾನು ಕಾಪುವಿನವಳು, ವಿಮಾ ಏಜೆಂಟ್. ಸಾವಿನ ಕಾರಣ ಏನು ಎಂದು ಕೇಳುವುದು ನನ್ನ ಹೊಟ್ಟೆಪಾಡು. ಹೃದಯಾಘಾತ, ಅಪಘಾತ, ವಯೋಸಹಜ ಎಂದು ಬರೆದ ಕಾಗದಗಳನ್ನು ಬಹಳ ನೋಡಿದ್ದೇನೆ. ಸತ್ತವರ ಮನೆಯವರಿಗೆ ಆ ಒಂದು ಪದ ಎಷ್ಟು ಮುಖ್ಯ ಎಂದು ನನಗೆ ಗೊತ್ತು. ಪದ ತಪ್ಪಾದರೆ ಸತ್ತವನು ಸಾಯುವುದಿಲ್ಲ, ಮನೆಯೊಳಗೆ ತಿರುಗಾಡುತ್ತಾ ಇರುತ್ತಾನೆ. ನಮ್ಮ ತುಳುವರಲ್ಲಿ ಅಂಥವರನ್ನು ಕುಲೆ ಎನ್ನುತ್ತೇವೆ. ನಾನು ದೊಡ್ಡ ಭಕ್ತೆಯೇನೂ ಅಲ್ಲ. ಆದರೆ ಈ ವರ್ಷ ನಮ್ಮ ಮನೆಯಲ್ಲಿ ಕುಲೆ ಉಂಟು ಎಂದು ಯಾರಾದರೂ ಹೇಳಿದರೆ ನಾನು ನಗುವುದಿಲ್ಲ.

ಅಣ್ಣು ಮಾವ ನನ್ನ ತಾಯಿಯ ತಮ್ಮ. ನಮ್ಮಲ್ಲಿ ಮಾವ ಎಂದರೆ ಮನೆಯ ಯಜಮಾನ. ಎಂಬತ್ತು ದಾಟಿದರೂ ಬೆನ್ನು ಬಾಗಿಸದ ಮನುಷ್ಯ, ಕಾಪುವಿನಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಒಬ್ಬರೇ ಹೋಗಿ ಬರುವವರು. ಕಳೆದ ಚಳಿಗಾಲದಲ್ಲಿ ಹಾಗೆ ಕಾರ್ಕಳಕ್ಕೆ ಹೋಗಿ ಬಂದರು. ಬಂದು ಮರುದಿನ ವಾಂತಿ ಶುರುವಾಯಿತು, ಜೊತೆಗೆ ಭೇದಿ. ಬಸ್ ಸ್ಟ್ಯಾಂಡಿನಲ್ಲಿ ಏನೋ ತಿಂದಿರಬೇಕು ಎಂದೆವು. ನೋಡಿದಿರಾ, ನಮ್ಮ ಬಾಯಲ್ಲೂ ಮೊದಲು ಬಂದದ್ದು ತಿಂಡಿಯೇ! ನನ್ನ ಅಕ್ಕನ ಮಗ ರಿತೇಶ್ ಕಾರ್ಕಳದಿಂದ ಓಡಿ ಬಂದ. ಅಜ್ಜನನ್ನು ಎತ್ತಿ ಬಚ್ಚಲಿಗೆ ಕರೆದುಕೊಂಡು ಹೋದವನು, ಬಟ್ಟೆ ಒಗೆದವನು, ಬೈರಾಸಿನಿಂದ ಬಾಯಿ ಒರೆಸಿದವನು ಅವನೇ. ಆಸ್ಪತ್ರೆಗೆ ಹೋಗುವ ಎಂದರೆ ಮಾವ ಕೇಳಲಿಲ್ಲ. "ಹೊಟ್ಟೆ ಕೆಟ್ಟದ್ದಕ್ಕೆ ಎಂತ ಆಸ್ಪತ್ರೆ ಮಾರಾಯ, ಖಾಲಿಯಾದರೆ ತಾನಾಗಿ ನಿಲ್ಲುತ್ತದೆ" ಎಂದರು. ಖಾಲಿಯಾಯಿತು. ಎರಡನೆಯ ಬೆಳಿಗ್ಗೆ ನಾನು ಕಾಫಿ ಹಿಡಿದುಕೊಂಡು ಹೋದಾಗ ಮಾವ ಇರಲಿಲ್ಲ, ಮೈ ಮಾತ್ರ ಇತ್ತು.

ಇನ್ನು ಮುಂದಿನದನ್ನು ತಾವು ಗಮನವಿಟ್ಟು ಓದಬೇಕು. ತಮ್ಮ ವರದಿಯಲ್ಲಿ ಇಲ್ಲದ್ದು ಇದೇ. ನಮ್ಮ ಕ್ರಮದಲ್ಲಿ ಸತ್ತವರನ್ನು ಮನೆಯಿಂದ ಕೊಂಡುಹೋಗುವ ಮೊದಲು ಎಲ್ಲರೂ ಬಾಯಿಗೆ ನೀರು ಬಿಡಬೇಕು. ಒಂದು ಚೆಂಬು, ಒಂದು ತುಳಸಿಯ ಕುಡಿ. ಕುಡಿಯನ್ನು ನೀರಿಗೆ ಅದ್ದಿ ಸತ್ತವರ ತುಟಿಗೆ ಮುಟ್ಟಿಸಿ, ಮತ್ತೆ ಅದೇ ಚೆಂಬಿಗೆ ಹಾಕಿ, ಮುಂದಿನವರಿಗೆ ದಾಟಿಸುವುದು. ಹೆಜಮಾಡಿಯವರು ಬಂದರು, ಹೆಬ್ರಿಯವರು ಬಂದರು, ಕಾರ್ಕಳದವರು ಎರಡು ಜೀಪಿನಲ್ಲಿ ಬಂದರು. ಎಲ್ಲರೂ ಅದ್ದಿದರು, ಎಲ್ಲರೂ ಮುಟ್ಟಿಸಿದರು. ತುಟಿಯಿಂದ ಇಳಿದ ನೀರನ್ನು ರಿತೇಶ್ ಅದೇ ಬೈರಾಸಿನಿಂದ ಒರೆಸುತ್ತಾ ಇದ್ದ. ಅಳುವಾಗ ಯಾರೂ ಕೈ ನೋಡಿಕೊಳ್ಳುವುದಿಲ್ಲ. ಅದೇ ಕೈಯಲ್ಲಿ ಮೂಗು ಒರೆಸಿಕೊಳ್ಳುತ್ತೇವೆ, ಮಕ್ಕಳ ಗಲ್ಲ ಸವರುತ್ತೇವೆ. ಪ್ರೀತಿ ಇದ್ದವರು ಎರಡು ಸಲ ನೀರು ಬಿಟ್ಟರು. ನಾನು ಎರಡು ಸಲ ಬಿಟ್ಟೆ.

ರಾಚವ್ವ ಆ ಹೊತ್ತಿನಲ್ಲಿ ನಮ್ಮ ಮನೆಯೊಳಗೆ ಇರಲೇ ಇಲ್ಲ. ಅವಳು ವಿಜಯಪುರದ ಕಡೆಯವಳು. ಗಂಡ ಗುರಲಿಂಗಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಇವಳು ನಮ್ಮ ಕೇರಿಯ ಮನೆಗಳಲ್ಲಿ ಪಾತ್ರೆ, ಬಟ್ಟೆ ಮಾಡಿಕೊಂಡಿದ್ದಳು. ನಾಲ್ಕು ವರ್ಷದ ಮಗಳು ಅಶ್ವಿನಿ ಅವಳ ಸೆರಗು ಹಿಡಿದುಕೊಂಡು ಎಲ್ಲ ಮನೆಗೂ ಬರುತ್ತಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಮನೆಯವರು ಗಂಜಿ ಬೇಯಿಸಿ ಹಾಕಬೇಕು, ಅದು ನೆರೆಮನೆಯ ಧರ್ಮ. ಆದರೆ ಈಗ ನಮ್ಮ ನೆರೆಮನೆಗಳಲ್ಲಿ ದೊಡ್ಡ ಹಂಡೆ ಎತ್ತುವ ರಟ್ಟೆ ಯಾರಿಗುಂಟು? ಹಾಗಾಗಿ ನಾವು ಧರ್ಮವನ್ನೂ ಕೂಲಿಗೆ ಕೊಟ್ಟಿದ್ದೇವೆ. ಎದುರು ಮನೆಯ ಅಂಗಳದಲ್ಲಿ ರಾಚವ್ವ ಕುಚ್ಚಲಕ್ಕಿ ಗಂಜಿ ಬೇಯಿಸಿದಳು, ತೆಂಗಿನಕಾಯಿ ಚಟ್ನಿ ಅರೆದಳು. ದಹನ ಮುಗಿಸಿ ಮಿಂದು ಬಂದವರೆಲ್ಲ ಉಂಡೆವು. ಚೆನ್ನಾಗಿತ್ತು. ಸಾವಿನ ದಿನದ ಗಂಜಿ ಚೆನ್ನಾಗಿತ್ತು ಎಂದು ಹೇಳಬಾರದಂತೆ, ನಾನು ಹೇಳುತ್ತೇನೆ.

ಮರುದಿನದಿಂದ ಮಲಗಲು ಶುರು. ಮೊದಲು ರಿತೇಶ್, ಆಮೇಲೆ ನಾನು, ಆಮೇಲೆ ಹೆಬ್ರಿಯಿಂದ ಫೋನು, ಹೆಜಮಾಡಿಯಿಂದ ಫೋನು. ಕರುಳನ್ನು ಯಾರೋ ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದರು. ಗೋಡೆಯ ಆಚೆ ಒಬ್ಬರು ಕಾರುವುದು ನಿಂತರೆ ಈಚೆ ಇನ್ನೊಬ್ಬರಿಗೆ ಶುರು. ಮಾವನ ಕೋಣೆಯಲ್ಲಿ ಮಾವನ ಮಂಚದ ಮೇಲೆ ಮಲಗಿ ನಾನು ಮಾವ ಕಾರಿದ ಬಕೆಟ್ಟಿಗೇ ಕಾರಿದೆ. ಮಾವನ ಹಾಗೆಯೇ ಕೆಮ್ಮಿದೆ ಎಂದು ಅಕ್ಕ ಹೇಳಿದಳು.

ಹಿರಿಯರು ಬಲಿಮೆ ಕೇಳಿಸಿದರು. ಬಲಿಮೆ ಎಂದರೆ, ತಾವು ಘಟ್ಟದ ಮೇಲಿನವರಾದರೆ ಹೇಳುತ್ತೇನೆ, ಕವಡೆ ಹಾಕಿ ಕಾರಣ ನೋಡುವುದು. ಮಾವನಿಗೆ ತೃಪ್ತಿಯಾಗಿಲ್ಲ, ಅವರೇ ಎಲ್ಲರನ್ನೂ ಹಿಡಿದಿದ್ದಾರೆ ಎಂದು ಬಂತು. ಅದೇ ವಾರ ತಮ್ಮ ಸಮಿತಿಯೂ ಬಂತು. ಈಗ ತಿರುಗಿ ನೋಡುವಾಗ ಇಬ್ಬರಲ್ಲಿ ಬಲಿಮೆಯವರೇ ವಾಸಿ ಎನಿಸುತ್ತದೆ. ಅವರು ಸತ್ತವನ ಮೇಲೆ ಹೊರಿಸಿದರು, ತಾವು ಬದುಕಿದ್ದವಳ ಮೇಲೆ ಹೊರಿಸಿದಿರಿ. ಅದೂ ಅಲ್ಲದೆ ಕವಡೆ ಹೇಳಿದ್ದರಲ್ಲಿ ಸ್ವಲ್ಪ ಸತ್ಯವೂ ಇತ್ತು. ರೋಗ ಮಾವನ ಬಾಯಿಂದಲೇ ನಮಗೆ ಬಂದಿತ್ತು.

ತಾವು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿರಿ. ತಮ್ಮ ಮೊದಲ ಪ್ರಶ್ನೆ ನನಗೆ ನೆನಪುಂಟು. "ಅಡಿಗೆ ಮಾಡಿದ್ದು ಯಾರು?" ಎರಡನೆಯ ಪ್ರಶ್ನೆ, "ಯಾವ ಊರಿನವಳು?" ಮೂರನೆಯ ಪ್ರಶ್ನೆ ಇರಲಿಲ್ಲ. ನಿಮ್ಮ ಮಾವ ಹೇಗೆ ತೀರಿಕೊಂಡರು ಎಂದು ತಾವು ಕೇಳಲಿಲ್ಲ. ಗಂಜಿ ಬೇಯುವ ಮೊದಲೇ ಈ ಮನೆಯಲ್ಲಿ ಯಾರಿಗಾದರೂ ವಾಂತಿ ಆಗಿತ್ತೇ ಎಂದು ಕೇಳಲಿಲ್ಲ. ಸತ್ತ ಮನುಷ್ಯ ವಾಂತಿ ಭೇದಿಯಿಂದ ಸತ್ತಿದ್ದ, ಆಗ ರಾಚವ್ವ ಅಕ್ಕಿಯನ್ನು ತೊಳೆದೂ ಇರಲಿಲ್ಲ! ಎಂಬತ್ತು ದಾಟಿದವನ ಸಾವಿಗೆ ಕಾರಣ ಬೇಡ, ವಯಸ್ಸೇ ಸಾಕು. ವಯೋಸಹಜ ಎಂದು ನಾವೂ ಬರೆಸಿದೆವು, ತಾವೂ ಒಪ್ಪಿದಿರಿ.

ರಾಚವ್ವನನ್ನು ಕರೆಸಿದಿರಿ. ಅವಳು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು, ಎಲ್ಲಿಂದಲೋ ಪಾತ್ರೆ ಬಿಟ್ಟು ಬಂದಿದ್ದಳು. ರಿತೇಶ್ ಆಗ ಮಣಿಪಾಲದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದವನು ಫೋನಿನಲ್ಲೇ ಕೂಗಿದ. ಸ್ಪೀಕರಿನಲ್ಲಿ ಇಡೀ ಅಂಗಳಕ್ಕೆ ಕೇಳಿತು.

"ನೀನು ಕೈ ತೊಳೆದಿದ್ದೀಯಾ ಇಲ್ವಾ, ಅಷ್ಟು ಹೇಳು ಮಾರಾಯ್ತಿ!"

"ತೊಳಕೊಂಡೇನ್ರೀ ಅಣ್ಣಾರ, ಸಾಬಾಣ ಹಚ್ಚಿ ತೊಳಕೊಂಡೇನಿ. ನಾವೂ ಅದನ್ನ ಉಂಡೇವ್ರೀ. ನನ್ನ ಮಗಳೂ ಉಂಡಾಳ. ನಮಗ ಏನೂ ಆಗಿಲ್ಲರೀ."

ಪಾಪದ ಹೆಂಗಸು. ಅದೇ ತನ್ನನ್ನು ಉಳಿಸುವ ಮಾತು ಎಂದುಕೊಂಡಿದ್ದಳು. ತಾವು ತಲೆಯೆತ್ತಿ ಪಕ್ಕದವರನ್ನು ನೋಡಿ, "ಓಹೋ, ಇವರಿಗೆ ಮಾತ್ರ ಏನೂ ಆಗಿಲ್ಲ, ಅಲ್ವಾ?" ಎಂದಿರಿ. ಅಲ್ಲಿಗೆ ಮುಗಿಯಿತು. ತನಗೆ ರೋಗ ಬಂದಿದ್ದರೆ ಅವಳು ರೋಗಿ. ಬಾರದ್ದರಿಂದ ರೋಗ ಹೊತ್ತು ತಿರುಗುವವಳು. ಯಾವ ಬದಿಗೆ ಬಿದ್ದರೂ ತಪ್ಪು ಅವಳದ್ದೇ. ಅವಳಿಗೆ ಏಕೆ ಬರಲಿಲ್ಲ ಗೊತ್ತೇ? ಮಾವನ ಬಾಯಿಗೆ ನೀರು ಬಿಡಲು ಅವಳನ್ನು ಯಾರೂ ಕರೆಯಲಿಲ್ಲ. ಅವಳು ಕುಟುಂಬದವಳಲ್ಲ. ಗಂಜಿ ಮಾತ್ರ ಉಂಡು ನೀರು ಬಿಡದೆ ಹೋದ, ಸೌದೆ ಹೊತ್ತ ಆಳುಗಳೂ ಚೆನ್ನಾಗಿಯೇ ಇದ್ದರು. ನೀರು ಬಿಟ್ಟು, ಏಕಾದಶಿ ಎಂದು ಗಂಜಿ ಮುಟ್ಟದೆ ಹೋದ ಹೆಬ್ರಿಯ ಅತ್ತೆ ವಾರವಿಡೀ ನರಳಿದರು. ಇದನ್ನೆಲ್ಲ ನಾನು ಕಂಡುಹಿಡಿಯಲು ವಿಜ್ಞಾನಿಯಾಗಬೇಕಾಗಲಿಲ್ಲ, ಬೊಜ್ಜಕ್ಕೆ, ಎಂದರೆ ಮಾವನ ಉತ್ತರಕ್ರಿಯೆಗೆ, ಬಂದವರ ಜೊತೆ ಜಗಲಿಯಲ್ಲಿ ಕುಳಿತು ಮಾತಾಡಿದರೆ ಸಾಕಾಯಿತು. ತಾವು ಜಗಲಿಗೆ ಬರಲಿಲ್ಲ, ಅಂಗಳದ ಕುರ್ಚಿಯಿಂದಲೇ ಎದ್ದು ಹೋದಿರಿ.

ಪರೀಕ್ಷೆ ಮಾಡಿಸಿಲ್ಲ ಎಂದು ನಾನು ದೂರುವುದಿಲ್ಲ. ಮಾಡಿಸಿದಿರಿ. ಬಾವಿಯ ನೀರು, ಹಂಡೆಯ ತಳ, ನಮ್ಮ ಮಲ, ಎಲ್ಲವನ್ನೂ ಕೊಂಡುಹೋದಿರಿ. ಫಲಿತಾಂಶ ಏನು ಬಂತು? 'ಏನೂ ಬೆಳೆಯಲಿಲ್ಲ.' ಹಳೆಯ ಪರೀಕ್ಷೆ ಹಾಗೆ: ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಕಾಯುವುದು. ನಮ್ಮನ್ನು ಹಿಡಿದದ್ದು ನೊರೊವೈರಸ್ ಎಂಬ ವೈರಸ್ ಎಂದು ಆಮೇಲೆ ತಿಳಿಯಿತು; ಅದು ಆ ತಟ್ಟೆಯಲ್ಲಿ ಎಷ್ಟು ಕಾದರೂ ಮುಖ ತೋರಿಸುವುದಿಲ್ಲ. ಏನೂ ಸಿಗದಿದ್ದಾಗ ಪ್ರಾಮಾಣಿಕನು 'ಗೊತ್ತಾಗಲಿಲ್ಲ' ಎಂದು ಬರೆಯುತ್ತಾನೆ. ತಾವು 'ಅಡುಗೆ ಮಾಡಿದವರ ಕೈಯ ಅಶುಚಿತ್ವ' ಎಂದು ಬರೆದಿರಿ. ತಟ್ಟೆಯಲ್ಲಿ ಬೆಳೆಯದ್ದು ತಮ್ಮ ವರದಿಯಲ್ಲಿ ಬೆಳೆಯಿತು. ಪತ್ರಿಕೆಯವರು ಅದನ್ನು ಇನ್ನಷ್ಟು ಬೆಳೆಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೇರಿಯ ಮನೆಗಳು ಒಂದೊಂದಾಗಿ ರಾಚವ್ವನಿಗೆ ನಾಳೆಯಿಂದ ಬೇಡ ಎಂದವು. ಯಾರೂ ಬಯ್ಯಲಿಲ್ಲ, ನಮ್ಮವರು ಬಯ್ಯುವವರಲ್ಲ. ಮಗಳು ಬರುತ್ತಾಳೆ, ಮೆಷಿನ್ ತಂದಿದ್ದೇವೆ ಎಂದು ನಯವಾಗಿಯೇ ಹೇಳಿದರು. ಅವರು ಬಾಡಿಗೆಗಿದ್ದ ಲೈನ್ ಮನೆಯ ಮಾಲೀಕರು ಅವರ ಬಿಂದಿಗೆ ಬಾವಿಗೆ ಇಳಿಯಬಾರದು ಎಂದರು. ಒಂದು ದಿನ ನೋಡುವಾಗ ಬಾಗಿಲಿಗೆ ಬೀಗ ಇತ್ತು. ಆದಿ ಉಡುಪಿಯ ಮಾರುಕಟ್ಟೆ ಯಾರ್ಡಿನ ಹಿಂದೆ ತಗಡಿನ ಶೆಡ್ಡಿಗೆ ಹೋದರಂತೆ, ಗುರಲಿಂಗಪ್ಪ ಲಾರಿಯ ಮೂಟೆ ಇಳಿಸುತ್ತಾನಂತೆ ಎಂದು ಸುದ್ದಿ ಬಂತು.

ಅವರು ಹೋದ ಮೇಲೆ ಬಂತು ಸತ್ಯ. ಅದು ಯಾವಾಗಲೂ ಕೊನೆಯ ಬಸ್ಸಿಗೇ ಬರುವುದು. ಮಣಿಪಾಲದಲ್ಲಿ ರಿತೇಶನ ಮಲದ ಮಾದರಿಯನ್ನು ಒಂದು ಪ್ರಯೋಗಾಲಯಕ್ಕೆ ಕೊಟ್ಟಿದ್ದರು. ಅಲ್ಲಿ ಹೊಸ ಪರೀಕ್ಷೆಯನ್ನು ಆಗಷ್ಟೇ ಶುರು ಮಾಡಿದ್ದರು; ವೈರಸ್ಸನ್ನು ಬೆಳೆಸುವುದಲ್ಲ, ಅದು ಬಿಟ್ಟುಹೋದ ಗುರುತನ್ನೇ ಹುಡುಕಿ ಓದುವುದು. ತನ್ವಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ನಮ್ಮನ್ನು ಕರೆದು ಕೂರಿಸಿ ಹೇಳಿದರು. ನೊರೊವೈರಸ್. ಮಲದಲ್ಲಿ, ವಾಂತಿಯಲ್ಲಿ ಇರುತ್ತದೆ. ಕೈಯಿಂದ ಕೈಗೆ, ಪಾತ್ರೆಯಿಂದ ಬಾಯಿಗೆ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು. ಮಾವನ ಬೊಜ್ಜದ ದಿನ ನಾವು ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ದೊಡ್ಡ ಕೆಲಸ ಮಾಡಿದೆವೆಂದು ಬೀಗಿದ್ದೆವಲ್ಲ, ಅದಕ್ಕೆ ಈ ವೈರಸ್ ಅಷ್ಟಾಗಿ ಹೆದರುವುದಿಲ್ಲವಂತೆ. ಸಾಬೂನು, ಹರಿಯುವ ನೀರು, ಅಷ್ಟೇ ಮದ್ದು. ಅಂದರೆ ರಾಚವ್ವ ಹೇಳಿದ ಸಾಬಾಣ.

"ಹಾಗಾದರೆ ಯಾರ ಕೈಯಿಂದ ಬಂದದ್ದು ಡಾಕ್ಟ್ರೇ?" ಎಂದು ರಿತೇಶ್ ಕೇಳಿದ. ಅವನ ಧ್ವನಿಯಲ್ಲಿ ಇನ್ನೂ ಆ ಫೋನಿನ ಕೂಗು ಸ್ವಲ್ಪ ಉಳಿದಿತ್ತು.

"ಯಾವ ವೈರಸ್ ಅಂತ ನಾವು ಹೇಳಬಹುದು. ಯಾರ ಕೈ ಅಂತ ಈ ಪರೀಕ್ಷೆ ಹೇಳುವುದಿಲ್ಲ. ಅಜ್ಜನಿಗಿಂತ ಮೊದಲು ಯಾರಿಗಾದರೂ ಹೀಗೆ ಆಗಿತ್ತಾ?"

ತಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ಆ ಹುಡುಗಿ ಕೇಳಿದರು. ರಿತೇಶ್ ಹೇಳಿದ: ಕಾರ್ಕಳದ ಮನೆಯಲ್ಲಿ ಅವನ ಮಗು ಮೋಕ್ಷಾ ಆ ವಾರ ಕಾರುತ್ತಿತ್ತು, ಭೇದಿಯೂ ಇತ್ತು. ಹಲ್ಲು ಬರುವ ಸಮಯ, ಹಾಗೆಲ್ಲ ಆಗುತ್ತದೆ ಎಂದು ಬಿಟ್ಟಿದ್ದರು. ಅಣ್ಣು ಮಾವ ಬಂದವರು ಮರಿಮಗುವನ್ನು ತೊಡೆಯಿಂದ ಇಳಿಸಿರಲಿಲ್ಲ. ಮಗು ಚೀಪಿ ಬಿಟ್ಟ ಬಿಸ್ಕತ್ತನ್ನು ತಿಂದಿದ್ದರು. ಎಲ್ಲ ಅಜ್ಜಂದಿರೂ ತಿನ್ನುತ್ತಾರೆ.

ಈಗ ಹೇಳಿ, ವರದಿಯಲ್ಲಿ ಮೋಕ್ಷಾಳ ಹೆಸರು ಬರೆಯುತ್ತೀರಾ? ಹಲ್ಲು ಬಾರದ ಆರೋಪಿ! ಬರೆಯಬೇಡಿ. ಈ ರೋಗಕ್ಕೆ ಕಾರಣ ಉಂಟು, ಅಪರಾಧಿ ಇಲ್ಲ. ಮಗುವನ್ನು ಎತ್ತಿಕೊಂಡದ್ದು, ಮುದುಕನ ಬಾಯಿ ಒರೆಸಿದ್ದು, ಸತ್ತವನಿಗೆ ನೀರು ಬಿಟ್ಟದ್ದು, ಇದರಲ್ಲಿ ಯಾವುದನ್ನು ಅಪರಾಧ ಎನ್ನೋಣ? ಅದು ನಮ್ಮ ಪ್ರೀತಿಯ ದಾರಿಯನ್ನೇ ಹಿಡಿದು ಬಂದಿತ್ತು ಎಂದು ತಿಳಿದ ದಿನದಿಂದ ರಿತೇಶ್ ಮಗುವನ್ನು ಮುದ್ದಿಸುವ ಮೊದಲು ಕೈ ನೋಡಿಕೊಳ್ಳುತ್ತಾನೆ. ನೋಡಿ ನೋಡಿ, ಕೆಲವೊಮ್ಮೆ ಎತ್ತಿಕೊಳ್ಳದೆಯೇ ಹೋಗುತ್ತಾನೆ. ನನಗೂ ಆ ತುಳಸಿಯ ಕುಡಿ ಕನಸಿನಲ್ಲಿ ಬರುತ್ತದೆ. ಮಾವ ಬಾಯಿ ತೆರೆದಿರುತ್ತಾರೆ, ನಾನು ಅದ್ದುತ್ತಾ ಇರುತ್ತೇನೆ, ಚೆಂಬು ಖಾಲಿಯೇ ಆಗುವುದಿಲ್ಲ.

ಹೊಸ ಪರೀಕ್ಷೆ ನಮ್ಮ ಮನೆಗೆ ನಿಲ್ಲಲಿಲ್ಲ. ಕಾರ್ಕಳದ ಒಂದು ಹಾಸ್ಟೆಲಿನಲ್ಲಿ, ಹೆಜಮಾಡಿಯಲ್ಲಿ ಬೋಟಿನಿಂದ ಇಳಿದವರಲ್ಲಿ, ಹೆಬ್ರಿಯ ಅಂಗನವಾಡಿ ಮಕ್ಕಳಲ್ಲಿ ಹುಡುಕಿದಲ್ಲೆಲ್ಲ ಅದೇ ಸಿಕ್ಕಿತು. ಇಷ್ಟು ವರ್ಷ ಮೀನು ಹಳತು, ಪಾನಿಪೂರಿ, ಉಷ್ಣ, ದೃಷ್ಟಿ, ಹಲ್ಲು ಎಂದು ನಾವು ಇಟ್ಟ ಹೆಸರುಗಳ ಹಿಂದೆ ಇದು ಸದ್ದಿಲ್ಲದೆ ಓಡಾಡಿಕೊಂಡಿತ್ತು. ಆಗ ತಾವು ಏನು ಮಾಡಿದಿರಿ? ಪತ್ರಿಕಾ ಹೇಳಿಕೆ ಕೊಟ್ಟಿರಿ: 'ಹೊಸ ಪರೀಕ್ಷೆ ಬಂದ ಮೇಲೆ ಪ್ರಕರಣಗಳು ಹೆಚ್ಚಾಗಿ ಜನರಲ್ಲಿ ಅನಗತ್ಯ ಭೀತಿ ಉಂಟಾಗಿದೆ; ಇನ್ನು ಮುಂದೆ ಅಧ್ಯಕ್ಷರ ಪೂರ್ವಾನುಮತಿ ಇಲ್ಲದೆ ಮಾದರಿ ಕಳುಹಿಸತಕ್ಕದ್ದಲ್ಲ.' ನನಗೆ ಓದಿ ನಗು ಬಂತು, ಆಮೇಲೆ ಮೈ ಉರಿಯಿತು. ದೀಪ ಹಚ್ಚಿದ ಮೇಲೆ ಜಿರಳೆ ಕಂಡವು, ಆದ್ದರಿಂದ ದೀಪ ಆರಿಸಿ ಎನ್ನುವುದು ಯಾವ ಮನೆಯ ಬುದ್ಧಿ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಅದರ ಹೊಟ್ಟೆಯಾದರೂ ತುಂಬುತ್ತದೆ. ತಾವು ಕಣ್ಣು ಮುಚ್ಚಿದರೆ ಯಾರ ಹೊಟ್ಟೆ ತುಂಬುತ್ತದೆ?

ಯಾರ ಮಡಿಲು ಖಾಲಿಯಾಯಿತು ಎಂದು ಈಗ ಹೇಳುತ್ತೇನೆ.

ಮಳೆಗಾಲದಲ್ಲಿ ಒಂದು ದಿನ ಗುರಲಿಂಗಪ್ಪನ ಫೋನು ಬಂತು. ಅವನದೊಂದು ಸಣ್ಣ ಪಾಲಿಸಿಯನ್ನು ನಾನು ಮಾಡಿಸಿಕೊಟ್ಟಿದ್ದೆ, ಹಾಗಾಗಿ ನಂಬರ್ ಇತ್ತು. ಪಾಲಿಸಿಯ ವಿಚಾರ ಎಂದುಕೊಂಡೆ. "ಅಕ್ಕಾರ, ದವಾಖಾನ್ಯಾಗ ಒಂದು ಚೀಟಿ ಕೊಟ್ಟಾರ್ರೀ. ಇಂಗ್ಲೀಷಿನ್ಯಾಗ ಐತಿ. ಅದರಾಗ ನಮ್ಮ ರಾಚವ್ವನ ಹೆಸರು ಏನರ ಬರದಾರೇನು, ಒಂದೀಟು ನೋಡಿ ಹೇಳ್ರೀ" ಎಂದ. ಏಕೆ, ಏನಾಯಿತು ಎಂದೆ. "ಅಶ್ವಿನಿ ಹೋದಳ್ರೀ" ಎಂದ. ಮತ್ತೆ ಚೀಟಿಯ ಮಾತಿಗೇ ಬಂದ.

ನಾನು ಆದಿ ಉಡುಪಿಗೆ ಹೋದೆ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಶೆಡ್ಡಿನ ಸಾಲಿನಲ್ಲಿ ಹಲವು ಮಕ್ಕಳಿಗೆ ವಾಂತಿ ಭೇದಿ ಇತ್ತು, ಉಳಿದವರು ಎದ್ದು ಆಡಿಕೊಂಡಿದ್ದರು. ಅಶ್ವಿನಿಗೆ ಶುರುವಾದ ಕೂಡಲೇ ಗುರಲಿಂಗಪ್ಪ ದವಾಖಾನೆಗೆ ಹೋಗೋಣ ಎಂದಿದ್ದನಂತೆ. ತಡೆದವಳು ತಾಯಿ. ಅವಳು ನನಗೆ ಅದನ್ನು ಹೇಳುವಾಗ ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಕೇಳುವುದು ಸುಲಭವಾಗುತ್ತಿತ್ತು.

"ನಾನ ಬ್ಯಾಡ ಅಂದ್ಯಾರೀ ಅಕ್ಕಾರ. ಅಲ್ಲಿ ಹೋದ್ರ ಮೊದಲ ಕೇಳೂದ ಅಡಿಗಿ ಯಾರ ಮಾಡಿದ್ರು ಅಂತ. ನಾನ ಅಂದ್ರ ಮತ್ತ ಬರೀತಾರ. ಇಲ್ಲಿಂದೂ ಎಬ್ಬಿಸಿದ್ರ ಎಲ್ಲಿಗೆ ಹೋಗೂನು? ಮನ್ಯಾಗ ಆರಾಮ ಆಗತೈತಿ ಅಂತ ಮಾಡಿದ್ಯಾ. ಕಣ್ಣು ಒಳಗ ಹೋದ ಮ್ಯಾಲ ಎತಗೊಂಡು ಓಡಿದಿವ್ರೀ."

ಆಸ್ಪತ್ರೆಯಲ್ಲಿ ಯಾರೂ ಅವಳನ್ನು ಬಯ್ಯಲಿಲ್ಲ. ಮಗು ಏನು ತಿಂದಿತ್ತು ಎಂದು ನರ್ಸ್ ಸಹಜವಾಗಿ ಕೇಳಿದರಂತೆ. ರಾಚವ್ವ ಗಂಜಿ ಎಂದಳಂತೆ, ಎಂದು ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳಂತೆ. ಇದನ್ನು ಗುರಲಿಂಗಪ್ಪ ಹೇಳಿದ. ನಾನು ಚೀಟಿ ಓದಿದೆ; ತಮ್ಮ ಆದೇಶವನ್ನು ಲೆಕ್ಕಿಸದೆ ಆಸ್ಪತ್ರೆಯವರು ಮಾದರಿ ಪರೀಕ್ಷೆ ಮಾಡಿಸಿದ್ದರು. ನೊರೊವೈರಸ್. ರಿತೇಶನ ಕಾಗದದಲ್ಲಿದ್ದ ಅದೇ ಪದ. ಬೇರೆ ಯಾರ ಹೆಸರೂ ಇಲ್ಲ, ಇದೊಂದು ವೈರಸ್ಸಿನ ಹೆಸರು, ಕಾಪುವಿನಲ್ಲಿ ನಮಗೆಲ್ಲ ಬಂದದ್ದೂ ಇದೇ, ನಿನ್ನ ಗಂಜಿಯಿಂದ ಬಂದದ್ದಲ್ಲ ಎಂದು ನಿಧಾನವಾಗಿ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಮತ್ತ ಆ ಸಾಹೇಬ್ರು ಹಂಗ್ಯಾಕ ಬರದ್ರು ರೀ?"

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ತಮ್ಮಲ್ಲಿ ಉಂಟೇ? ನಾನು ಬಾಯಾರಿಕೆ ಎಂದೆ, ಮಾತು ತಪ್ಪಿಸಲೆಂದೇ. ಮೂಲೆಯಲ್ಲಿ ಮುಚ್ಚಿಟ್ಟ ಕೊಡ ಇತ್ತು. ಕುದಿಸಿ ಆರಿಸಿದ ನೀರು, ಪಕ್ಕದಲ್ಲಿ ಬೂದಿ ಹಾಕಿ ಬೆಳಗಿದ ಲೋಟ. ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟೇ ಮಾತು ಶುರು. ಅವಳ ಊರಿನಲ್ಲೂ ನೀರು ಕೊಡದೆ ಕೂರಿಸುವುದಿಲ್ಲ. ಅವಳು ಕೊಡದ ಕಡೆ ನೋಡಲೇ ಇಲ್ಲ. ತಲೆಗೆ ಗೋಣಿ ಹಾಕಿಕೊಂಡು ಆ ಮಳೆಯಲ್ಲಿ ಹೊರಟಳು, ರಸ್ತೆಯ ಆಚೆ ಅಂಗಡಿಯಿಂದ ಸೀಲ್ ಮಾಡಿದ ನೀರಿನ ಬಾಟಲಿ ತಂದು, ಮುಚ್ಚಳಕ್ಕೆ ಕೈ ತಾಗದ ಹಾಗೆ ಅಡಿಯನ್ನು ಹಿಡಿದು ನನ್ನ ಮುಂದೆ ಇಟ್ಟಳು.

"ಆ ಕೊಡದ್ದೇ ಕೊಡು ರಾಚವ್ವಾ" ಎಂದೆ.

"ಬ್ಯಾಡ್ರೀ ಅಕ್ಕಾರ, ನಮ್ಮ ಕೈಲೆ ಬ್ಯಾಡ" ಎಂದಳು.

ಈ ಸಲ ದೀಪಾವಳಿಗೆ ಸತ್ತವರಿಗೆ ಎಲೆ ಹಾಕುವಾಗ ಮಾವನ ಎಲೆಯ ಪಕ್ಕ ಒಂದು ಸಣ್ಣ ಎಲೆ ಹಾಕುತ್ತೇನೆ ಎಂದೆ. ಕುಟುಂಬದವಳಲ್ಲದ ಮಗುವಿಗೆ ಹಾಗೆ ಬಡಿಸುವ ಕ್ರಮ ಇಲ್ಲ ಎಂದು ಹಿರಿಯರು ಎಂದರು. ಒಂದೇ ರೋಗದಿಂದ ಹೋದವರು ಒಂದೇ ಕುಟುಂಬದವರಲ್ಲವೇ ಎಂದು ನಾನು ಕೇಳಿದೆ. ರಿತೇಶ್ ಎದ್ದು ಹೋಗಿ ಬಾಳೆಯ ತುದಿ ಕೊಯ್ದು ತಂದ. ಇಬ್ಬರೂ ಸೇರಿ ಗಂಜಿ ಬಡಿಸಿದೆವು, ಚಟ್ನಿ ಇಟ್ಟೆವು. ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕುಳಿತಾಗ ಒಳಗೆ ಪುಟ್ಟ ಬಳೆಯ ಸದ್ದಾದ ಹಾಗೆ ಆಯಿತು. ಗಾಳಿ ಇರಬಹುದು. ಗಾಳಿಯೇ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಈಗ ತಮ್ಮಿಂದ ನನಗೆ ಬೇಕಾದದ್ದು. ಮಾದರಿ ಕಳುಹಿಸಬಾರದೆಂಬ ಆ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಹುಡುಕಿದರೆ ಕಾಣುತ್ತದೆ ಎಂಬುದು ಹುಡುಕದಿರಲು ಕಾರಣವಲ್ಲ. ತಮ್ಮ ವರದಿಯ ಆ ಸಾಲನ್ನು ಹೊಡೆದು ಹಾಕಿ. ಹೊಡೆದು ಹಾಕಿದ್ದನ್ನು ಅದೇ ಪತ್ರಿಕೆಗಳಿಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ ಕೊಡಿ. ಇವೆರಡನ್ನು ತಾವು ಕುರ್ಚಿಯಲ್ಲಿ ಕುಳಿತೇ ಮಾಡಬಹುದು. ಮೂರನೆಯದಕ್ಕೆ ಏಳಬೇಕಾಗುತ್ತದೆ. ಆದಿ ಉಡುಪಿಗೆ ಹೋಗಿ, ಯಾರ್ಡಿನ ಹಿಂದಿನ ಶೆಡ್ಡುಗಳಲ್ಲಿ ರಾಚವ್ವನ ಮನೆ ಯಾವುದೆಂದು ಕೇಳಿ. ಒಳಗೆ ಹೋಗಿ ನೆಲದ ಮೇಲೆ ಕುಳಿತು, "ನಿನ್ನ ಕೈಯಲ್ಲಿ ದೋಷ ಇರಲಿಲ್ಲ, ನಾನು ತಪ್ಪು ಬರೆದೆ" ಎಂದು ಹೇಳಿ. ಆಮೇಲೆ ಕುಡಿಯಲು ನೀರು ಕೇಳಿ. ಅವಳು ಅಂಗಡಿಗೆ ಹೊರಡುತ್ತಾಳೆ. ಬಾಟಲಿ ತರುತ್ತಾಳೆ. ಅದನ್ನು ಮುಟ್ಟಬೇಡಿ, ಮತ್ತೊಮ್ಮೆ ಹೇಳಿ. ಅವಳು ಎದ್ದು ಆ ಕೊಡದಿಂದ ತನ್ನ ಕೈಯಾರೆ ಲೋಟಕ್ಕೆ ನೀರು ಎತ್ತಿ ಕೊಡುವವರೆಗೆ ಹೇಳುತ್ತಲೇ ಇರಿ. ಕೊಟ್ಟರೆ ಪೂರ್ತಿ ಕುಡಿಯಿರಿ, ತಳದಲ್ಲಿ ಉಳಿಸಬೇಡಿ.

ಕುಡಿದ ದಿನ ನನಗೆ ತಿಳಿಸಿ. ಅವಳು ನನಗೆಂದು ಮಳೆಯಲ್ಲಿ ಹೋಗಿ ತಂದ ಬಾಟಲಿ ನನ್ನ ಕಪಾಟಿನಲ್ಲಿ, ಮಾವನ ಫೋಟೋದ ಪಕ್ಕದಲ್ಲಿ ಉಂಟು. ಇನ್ನೂ ಸೀಲ್ ಒಡೆದಿಲ್ಲ.

ಇಂತಿ,
ಮಾವನ ಬಾಯಿಗೆ ಎರಡು ಸಲ ನೀರು ಬಿಟ್ಟು, ರಾಚವ್ವನ ಕೈಯಿಂದ ಒಂದು ಗುಟುಕೂ ಸಿಗದೆ ಮರಳಿದ
ಸುಗಂಧಿ, ಕಾಪು